ಕೊಂಬೆ ಕಿತ್ತ ಗುಂಡಿ

ಹೊಸಗುಡ್ಡೆ, ಶನಿವಾರಸಂತೆ ಹೋಬಳಿ
24 ಜೂನ್ 2024

ಚಿರಂಜೀವಿ ಸ್ಪಂದನಾಳಿಗೆ ನಿನ್ನ ಹಳೆಯ ಕನ್ನಡ ಮೇಷ್ಟ್ರು ನಿರಂಜನನ ಆಶೀರ್ವಾದಗಳು.

ಮೊದಲು ತಪ್ಪೊಪ್ಪಿಗೆ. ವಕೀಲರ ಮುಂದೆ, ವೈದ್ಯರ ಮುಂದೆ, ಹೆಂಡತಿಯ ಮುಂದೆ ಏನನ್ನೂ ಮುಚ್ಚಿಡಬಾರದಂತೆ. ಸ್ವಸ್ಥಚಿತ್ತನಾಗಿ, ಯಾರ ಒತ್ತಾಯಕ್ಕೂ ಒಳಗಾಗದೆ, ಇಷ್ಟದೈವದ ಮೇಲೆ ಪ್ರಮಾಣ ಮಾಡಿ ನಿವೇದಿಸಿಕೊಳ್ಳುತ್ತೇನೆ: ಮೊನ್ನೆ ಶನಿವಾರ ನಾನು ಕಳ್ಳತನ ಮಾಡಿದೆ. ಸರ್ಕಾರಿ ರಸ್ತೆಯಲ್ಲಿ, ಹಾಡಹಗಲು. ಕದ್ದ ಮಾಲು: ಸಿಲ್ವರ್ ಮರದ ಒಂದು ಕೊಂಬೆ, ಸೊಪ್ಪು ಸಮೇತ.

ನಮ್ಮೂರಿನಿಂದ ಶನಿವಾರಸಂತೆಗೆ ಹೋಗುವಾಗ, ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳು ಕಾಣುವ ತಿರುವಿನಲ್ಲಿ ಒಂದು ಗುಂಡಿಯಿದೆ. ಗುಂಡಿ ಎಂದರೆ ಅಂಗಿಯ ಗುಂಡಿಯಲ್ಲ. ಅದಕ್ಕೆ ಇಳಿಯಲು ಗುಂಡಿಗೆ ಬೇಕು. ಮಳೆ ಹಿಡಿದ ಮೇಲೆ ನೀರು ತುಂಬಿಕೊಂಡು ಡಾಂಬರಿನಷ್ಟೇ ಸಪಾಟಾಗಿ, ಸಾಧುವಾಗಿ ಮಲಗಿರುತ್ತದೆ. ಶನಿವಾರ ಬೆಳಿಗ್ಗೆ ನನ್ನ ಕಾರು ಅದರೊಳಕ್ಕೆ ಧುಮುಕಿತು. ಎಂಜಿನ್ನಿನ ಕೆಳಗಿನ ಎಣ್ಣೆಯ ತೊಟ್ಟಿ ಒಡೆಯಿತು. ಎಣ್ಣೆಯೆಲ್ಲ ಸೋರಿ, ಎಂಜಿನ್ ಸಿಕ್ಕಿಕೊಂಡು, ಮೆಕ್ಯಾನಿಕ್ ಹೇಳಿದ ಮೊತ್ತ ಕೇಳಿ ನನ್ನ ಎದೆಯೂ ಸಿಕ್ಕಿಕೊಂಡಿತು. ಮೂವತ್ತು ವರ್ಷದಿಂದ ಕೊಡಗಿನ ರಸ್ತೆಗಳಲ್ಲಿ ಕಾರು ಓಡಿಸುತ್ತಿದ್ದೇನೆ, ಮಗಳೇ. ಮಂಜಿನಲ್ಲಿ, ಮಳೆಯಲ್ಲಿ, ಆನೆಯ ಎದುರಿನಲ್ಲಿ. ಸ್ಟೇರಿಂಗ್ ನನ್ನ ಮಾತು ಕೇಳುವಷ್ಟು ನೀವ್ಯಾರೂ ಕ್ಲಾಸಿನಲ್ಲಿ ಕೇಳಿದವರಲ್ಲ. ಅಂಥ ನನ್ನನ್ನೇ ಕೆಡವಿದ ಗುಂಡಿಯ ಯಜಮಾನರು ಪರಿಹಾರ ಕೊಡಲೇಬೇಕು.

ಇನ್ನು ಕಳ್ಳತನದ ವಿವರ. ಲೈನಿನವರು ಯಾರೋ ಎಚ್ಚರಿಕೆಗೆಂದು ಆ ಗುಂಡಿಯಲ್ಲಿ ಕೊಂಬೆ ನೆಟ್ಟಿದ್ದರು. ಫೋಟೋ ತೆಗೆಯಲು ನಿಂತರೆ ಗುಂಡಿ ಗುಂಡಿಯಾಗಿ ಕಾಣದೆ ಉದ್ಯಾನವನದಂತೆ ಕಾಣುತ್ತಿತ್ತು. ಇಲಾಖೆಯವರು 'ಎಚ್ಚರಿಕೆ ಇತ್ತಲ್ಲ' ಎಂದುಬಿಟ್ಟರೆ? ಕಿತ್ತೆ. ಫೋಟೋ ತೆಗೆದೆ. ಗಟ್ಟಿ ಕೊಂಬೆ, ಬಿಸಾಡಲು ಮನಸ್ಸಾಗದೆ ಮನೆಗೆ ತಂದೆ. ನನ್ನ ಹೆಂಡತಿ, ನಿಮ್ಮ ಸುಲೋಚನಮ್ಮ, ಅದನ್ನು ಬೀನ್ಸ್ ಬಳ್ಳಿಗೆ ಊರಿದ್ದಾಳೆ. ಬಳ್ಳಿಗಾದರೂ ಪರಿಹಾರ ಸಿಕ್ಕಿತು.

ಮಳೆ ಬಂದರೆ ನಮ್ಮಲ್ಲಿ ಟವರ್ ರಜೆ ಹಾಕುತ್ತದೆ, ಅದಕ್ಕೇ ಅಂಚೆ. ಫೋಟೋ ಇದರೊಳಗಿದೆ. ನೋಟಿಸ್ ತಯಾರು ಮಾಡು. ಕ್ಲಾಸಿನಲ್ಲಿ ನಿನ್ನನ್ನು 'ಸ್ಪಂದನೆಯಿಲ್ಲದ ಸ್ಪಂದನಾ' ಎನ್ನುತ್ತಿದ್ದೆನಲ್ಲ, ಆ ಸೇಡು ತೀರಿಸಿಕೊಳ್ಳಬೇಡ.

ನಿನ್ನ ಮೇಷ್ಟ್ರು,
ನಿರಂಜನ್

*

ಮೈಸೂರು
1 ಜುಲೈ 2024

ಪೂಜ್ಯ ಮೇಷ್ಟ್ರಿಗೆ ಸ್ಪಂದನಾಳ ನಮಸ್ಕಾರಗಳು.

ಪತ್ರ ಬಂತು. ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ, ನಮ್ಮ ಗುಮಾಸ್ತರು ಕಣ್ಣೀರು ಬರುವಷ್ಟು ನಕ್ಕರು. ಕೇಸು ನಡೆಸಲು ಆಗುತ್ತದೆ. ಇಲಾಖೆಯ ಮೇಲೆ ದಾವೆ ಹಾಕುವ ಮೊದಲು ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಅದಕ್ಕೆ ಮೊದಲು ಮೂರು ವಿಷಯ ತಿಳಿಸಿ. ಇದು ಪರೀಕ್ಷೆ ಅಂದುಕೊಳ್ಳಿ, ದಯವಿಟ್ಟು ಪ್ರಶ್ನೆಗೆ ತಕ್ಕ ಉತ್ತರ ಬರೆಯಿರಿ. ನೀವೇ ಹೇಳಿಕೊಟ್ಟದ್ದು.

ಕಾರಿಗೆ ವಿಮೆ ಇದೆಯಲ್ಲ, ಅಲ್ಲೇ ಏಕೆ ಕೇಳಲಿಲ್ಲ? ಫೋಟೋದಲ್ಲಿ ಗುಂಡಿ ಇದೆ, ಕಾರು ಇಲ್ಲ, ಕಾರು ಎಲ್ಲಿತ್ತು? ಮತ್ತು ಆ ಕೊಂಬೆಯನ್ನು, ಅಥವಾ ಬೇರೆ ಯಾವುದನ್ನಾದರೂ, ಮತ್ತೆ ಆ ಜಾಗದಲ್ಲಿ ನೆಟ್ಟಿರಾ?

ನೆಟ್ಟಿಲ್ಲವಾದರೆ ಈ ಕಾಗದ ಓದಿದ ತಕ್ಷಣ ಯಾರನ್ನಾದರೂ ಕಳಿಸಿ ನೆಡಿಸಿ. ಫೋಟೋ ಹೇಗೂ ಆಯಿತಲ್ಲ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಸ್ಪಂದನಾ

*

ಹೊಸಗುಡ್ಡೆ
9 ಜುಲೈ 2024

ಚಿ. ಸ್ಪಂದನಾ,

ನಿನ್ನ ಗುಮಾಸ್ತರಿಗೆ ನನ್ನ ಶುಭಾಶಯ. ರಸಿಕರು. ಅವರ ಸಂಬಳ ಹೆಚ್ಚಿಸು.

ಉತ್ತರಗಳು. ವಿಮೆ ಮೇ ತಿಂಗಳಲ್ಲಿ ತೀರಿಕೊಂಡಿತು. ತಿಥಿ ಮಾಡಲು, ಅಂದರೆ ಕಂತು ಕಟ್ಟಲು, ಮರೆತೆ. ಇದು ನಮ್ಮಿಬ್ಬರಲ್ಲೇ ಇರಲಿ. ಕಾರು ಫೋಟೋದಲ್ಲಿ ಏಕಿಲ್ಲ? ಅದು ಹಳೆಯ ಕಾಲದ ಹೆಣ್ಣುಮಗಳಂತೆ, ಗಾಯವಾದಾಗ ನಾಲ್ಕು ಜನರ ಮುಂದೆ ನಿಲ್ಲಲು ನಾಚುತ್ತದೆ. ಗ್ಯಾರೇಜಿನಲ್ಲಿ ತೆಗೆದ ಫೋಟೋ ಕಳಿಸುತ್ತೇನೆ, ಸಾಲದೆ? ಕೊಂಬೆಯ ಮಾತು ಬಿಡು. ಬೀನ್ಸ್ ಅದನ್ನು ಆಗಲೇ ಅಪ್ಪಿಕೊಂಡಿದೆ, ಸಂಸಾರ ಒಡೆಯುವ ಪಾಪ ನನಗೆ ಬೇಡ.

ಈಗ ಶುಭ ಸಮಾಚಾರ. ನಮಗೆ ಸಾಕ್ಷಿ ಸಿಕ್ಕಿದ! ಪಕ್ಕದ ಎಸ್ಟೇಟಿನ ಲೈನಿನಲ್ಲಿ ಕರಿಯ ಎಂಬವನಿದ್ದಾನೆ. ಮರಗಸಿ ಕೆಲಸದವನು. ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಸವರುತ್ತಾನೆ. ತುದಿಗೆ ಹೋಗಿ ನಿಂತರೆ ಕೆಳಗಿನವರಿಗೆ ತಲೆ ಸುತ್ತಬೇಕು, ಅಂಥವನು. ಅದೇ ಶನಿವಾರ ಸಂಜೆ ಸಂತೆಯಿಂದ ಮೊಪೆಡ್ಡಿನಲ್ಲಿ ಬರುತ್ತಾ ಅದೇ ಗುಂಡಿಗೆ ಬಿದ್ದ. ಮರದ ಮೇಲಿಂದ ಒಂದು ದಿನವೂ ಬೀಳದವನು ನೆಲದ ಮೇಲಿಂದ ಬಿದ್ದ ನೋಡು. ಸೊಂಟ ಮುರಿದಿದೆ. ಮಡಿಕೇರಿ ಆಸ್ಪತ್ರೆಯಲ್ಲಿದ್ದಾನೆ. ಕರಿಯನ ಸೊಂಟವೇ ನಮ್ಮ ಕೇಸಿನ ಬೆನ್ನೆಲುಬು!

ಸುಲೋಚನಮ್ಮ ಗಂಜಿ ತೆಗೆದುಕೊಂಡು ಹೋಗಿದ್ದಳು. ಅವಳ ಹತ್ತಿರ ಅವನು ಹೇಳಿದ್ದನ್ನು ಅವನ ಮಾತಲ್ಲೇ ಬರೆಯುತ್ತೇನೆ, ನೋಟಿಸಿಗೆ ಉಪಯೋಗವಾಗುತ್ತದೆ:

"ಆ ಗುಂಡಿ ನಂಗೆ ಗೊತ್ತಿಲ್ದೇನ್ ಅಮ್ಮಾರೇ. ಕೊಂಬೆ ನೆಟ್ಟಿದ್ದೇ ನಾನು. ಮಂಜಿತ್ತು, ಮಳೆ ಬೇರೆ. ಕೊಂಬೆ ಕಂಡ್ ಕೂಡ್ಲೆ ಬಲಕ್ಕೆ ತಗಳಾನ ಅಂತ ನೋಡ್ಕಂಡೇ ಬತ್ತಿದ್ದೆ. ಕೊಂಬೆ ಇನ್ನೂ ಬರ್ಲಿಲ್ವಲ್ಲ, ಗುಂಡಿ ಇನ್ನೂ ಮುಂದೈತೆ ಅಂದ್ಕಂಡೆ."

ಕೇಳಿದೆಯಾ? 'ಕೊಂಬೆ ಇರಲಿಲ್ಲ' ಎಂದು ನೆಟ್ಟವನೇ ಹೇಳುತ್ತಿದ್ದಾನೆ. ಎಚ್ಚರಿಕೆಯೇ ಇಲ್ಲದ ಗುಂಡಿ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೇ? ಹುಡುಕಿದರೂ ಸಿಗದ ಬಳ್ಳಿ ಕಾಲಿಗೆ ತೊಡರಿತು. ಅವನ ಕಾಲಿಗೆ ತೊಡರಿದ್ದರಿಂದ ನಮ್ಮ ಕೈಗೆ ಸಿಕ್ಕಿತು.

ನಿರಂಜನ್

*

ಮೈಸೂರು
15 ಜುಲೈ 2024

ಮೇಷ್ಟ್ರೇ,

ನಿಮ್ಮ ಕಾಗದವನ್ನು ಈ ಸಲ ಆಫೀಸಿನಲ್ಲಿ ಓದಲಿಲ್ಲ.

ಕರಿಯ ಯಾಕೆ ಬಿದ್ದ ಎಂದು ಅವನೇ ಹೇಳಿದ್ದಾನೆ, ನೀವೇ ಅದನ್ನು ಅಕ್ಷರ ಬಿಡದೆ ಬರೆದಿದ್ದೀರಿ. ಇನ್ನೊಂದು ಸಲ ಓದಿ ನೋಡಿ. ನೀವು ಬೆಳಿಗ್ಗೆ ಕಿತ್ತಿರಿ. ಅವನು ಸಂಜೆ ಹುಡುಕಿದ.

ಅವನಿಂದ ಯಾವ ಹೇಳಿಕೆಯನ್ನೂ ಬರೆಸಿಕೊಳ್ಳಬೇಡಿ. ನಿಮ್ಮ ನೋಟಿಸ್ ಸದ್ಯಕ್ಕೆ ಇರಲಿ. ಅವನ ಮನೆಯವರನ್ನು ಕರೆದು, ಅವನಿಗೂ ಪರಿಹಾರ ಕೇಳುವ ಹಕ್ಕಿದೆ ಎಂದು ಹೇಳಿ. ನಿಮ್ಮ ಕಾರು ರಿಪೇರಿಯಾಗುತ್ತದೆ. ಮರ ಹತ್ತುವವನ ಸೊಂಟ ಹಾಗಲ್ಲ.

ಅವರಿಗೆ ಕೊಂಬೆಯ ವಿಷಯ ನೀವೇ ಹೇಳಿದರೆ ಒಳ್ಳೆಯದು. ಉತ್ತರ ಬರೆಯಿರಿ.

ಸ್ಪಂದನಾ

*

ಹೊಸಗುಡ್ಡೆ
20 ಆಗಸ್ಟ್ 2024

ಚಿ. ಸ್ಪಂದನಾ,

ತಡವಾಯಿತು. ಮಳೆ, ಕರೆಂಟಿಲ್ಲ, ಮರ ಬಿದ್ದು ರಸ್ತೆ ಬಂದ್. ಮೇಲಾಗಿ ಶಿಷ್ಯೆಯ ಕೈಲಿ ಬೈಸಿಕೊಂಡು ಜೀರ್ಣಿಸಿಕೊಳ್ಳಲು ಈ ವಯಸ್ಸಿನಲ್ಲಿ ಒಂದು ತಿಂಗಳಾದರೂ ಬೇಕು. ಹತ್ತು ಗಂಟೆಗೆ ಕಿತ್ತ ಕೊಂಬೆಗೂ ಸಂಜೆ ಮಂಜಿನಲ್ಲಿ ಮೊಪೆಡ್ ಓಡಿಸುವವನ ಕಣ್ಣಿಗೂ ಗಂಟು ಹಾಕುತ್ತೀಯಲ್ಲ, ನೀನು ವಕೀಲೆಯಾಗಬೇಕಿರಲಿಲ್ಲ, ಜ್ಯೋತಿಷಿಯಾಗಬೇಕಿತ್ತು. ಸಂತೆಯಿಂದ ಬರುವ ಗಂಡಸು ಏನು ಕುಡಿದಿರುತ್ತಾನೆ ಎಂದು ಯಾರು ನೋಡಿದ್ದಾರೆ?

ನೀನು ನಿಧಾನ ಮಾಡಿದ್ದರಿಂದ ನೋಟಿಸನ್ನು ನಾನೇ ಬರೆದು ರಿಜಿಸ್ಟರ್ ಅಂಚೆಯಲ್ಲಿ ಇಲಾಖೆಗೆ ಕಳಿಸಿದೆ. ನಕಲು ಇಟ್ಟಿದ್ದೇನೆ. ಒಂದು ಸಾಲು ನೋಡು: 'ಸದರಿ ಗುಂಡಿಯು ಅರ್ಜಿದಾರನ ವಾಹನದ ಉದರವನ್ನು ಸೀಳಲಾಗಿ, ಅದರ ತೈಲವು ಗುಂಡಿಯ ಅಂಚಿನಿಂದ ಲೈನಿನ ತಿರುವಿನವರೆಗೆ ನವಿಲುಗರಿಯ ವರ್ಣದಲ್ಲಿ ಹರಿದು, ಮಳೆಗೂ ಮಾಸದೆ ದಿನವಿಡೀ ಥಳಥಳಿಸುತ್ತಿತ್ತು.' ಸಂಜೆ ಕ್ಲಬ್ಬಿನಲ್ಲಿ ಓದಿದೆ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೋಮವಾರಪೇಟೆಯ ಕಾಳುಮೆಣಸಿನ ವ್ಯಾಪಾರಿಯೊಬ್ಬರಂತೂ 'ಸಾರ್, ಈ ಎಣ್ಣೇಲಿ ಬೋಂಡ ಕರೀಬೋದು' ಎಂದರು.

ಕರಿಯನ ಹೇಳಿಕೆಯನ್ನೂ ಲಗತ್ತಿಸಿದ್ದೇನೆ. ಆಸ್ಪತ್ರೆಗೆ ನಾನೇ ಹೋಗಿದ್ದೆ. ಕಿತ್ತಳೆ, ಬ್ರೆಡ್ಡು, ಒಂದು ಕಂಬಳಿ ಕೊಟ್ಟೆ. "ಸಾ, ಇದ್ರಿಂದ ನಂಗೇನಾದ್ರೂ ಆಯ್ತದಾ?" ಎಂದು ಕೇಳಿದ. "ನ್ಯಾಯಕ್ಕೆ ಸಹಾಯ ಆಗುತ್ತದೆ ಕಣೋ" ಎಂದೆ. ಸಹಿ ಹಾಕಿದ. ಅವನ ಹೆಂಡತಿ ಗಂಗೆ ಮೂಲೆಯಲ್ಲಿ ನಿಂತು ನನ್ನನ್ನು ದೇವರನ್ನು ನೋಡುವಂತೆ ನೋಡುತ್ತಿದ್ದಳು. "ಮೇಷ್ಟ್ರು ಬಂದವ್ರೆ, ಕುಂತ್ಕಳಿ ಸಾ" ಎಂದು ತಾನು ಕೂತಿದ್ದ ಸ್ಟೂಲನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಅವಳಿಗೆ ಪರಿಹಾರ ಗಿರಿಹಾರ ಹೇಳಲಿಲ್ಲ. ಒಂದು ಗುಂಡಿಗೆ ಇಬ್ಬರು ಕೈ ಚಾಚಿದರೆ ಇಲಾಖೆ ಯಾರಿಗೂ ಕೊಡುವುದಿಲ್ಲ. ಮೊದಲು ನನ್ನದಾಗಲಿ, ಆಮೇಲೆ ಅವಳ ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ, ಉಚಿತವಾಗಿ, ಉಪಮೆ ಸಮೇತ. ಮೈಸೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರಂತೆ. "ಅಲ್ಲಿ ನನ್ನ ಶಿಷ್ಯೆ ದೊಡ್ಡ ಲಾಯರು" ಎಂದು ನಿನ್ನ ಹೆಸರನ್ನೂ ಆಫೀಸಿನ ಬೀದಿಯನ್ನೂ ಹೇಳಿ ಧೈರ್ಯ ತುಂಬಿದ್ದೇನೆ. ಗುರುವಿನಿಂದ ನಿನಗೆ ಇಷ್ಟಾದರೂ ಪ್ರಚಾರ ಬೇಡವೇ?

ಕೊಂಬೆಯ ಮಾತು ಇನ್ನು ಎತ್ತಬೇಡ.

ನಿರಂಜನ್

*

ಮೈಸೂರು
28 ಅಕ್ಟೋಬರ್ 2024

ಶ್ರೀ ನಿರಂಜನ್ ಅವರಿಗೆ,

ನಿಮ್ಮ ಆಗಸ್ಟ್ ತಿಂಗಳ ಕಾಗದಕ್ಕೆ ಉತ್ತರಿಸಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಈಗ ಇದೆ.

ನೀವು ಹೇಳಿದ ಬೀದಿಯನ್ನು ಹುಡುಕಿಕೊಂಡು ಗಂಗೆ ಬಂದಿದ್ದಳು. ಕರಿಯನಿಗೆ ಇಲ್ಲಿ ಆಪರೇಷನ್ ಆಗಿದೆ. ಕೋಲು ಹಿಡಿದು ನಡೆಯಬಹುದು, ಮರ ಹತ್ತುವ ಮಾತು ಮರೆಯಬೇಕು ಎಂದಿದ್ದಾರೆ. ಕೆಲಸ ಹೋದರೆ ಲೈನಿನ ಮನೆಯೂ ಬಿಡಬೇಕು. ಕಾಫಿ ಕೊಯ್ಲು ಮುಗಿಯುವವರೆಗೆ ಇರಿ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹೇಳಿದ್ದಾನಂತೆ. ನಾನು ನಿಮಗೆ ಸಲಹೆ ಕೊಟ್ಟವಳಾದ್ದರಿಂದ ಅವಳ ಕೇಸು ಹಿಡಿಯುವಂತಿಲ್ಲ. ಸಹೋದ್ಯೋಗಿ ಕುಸುಮಾ ಅವರಿಗೆ ಒಪ್ಪಿಸಿದೆ. ಅವರು ಇಲಾಖೆಗೆ ನೋಟಿಸ್ ಕೊಟ್ಟರು. ಇಲಾಖೆಯ ಉತ್ತರ ಬಂದಿದೆ. ನಿಮಗೂ ಒಂದು ಪ್ರತಿ ಬರುತ್ತದೆ. ಓದಿ ಗಾಬರಿಯಾಗಬಾರದೆಂದು ಮೊದಲೇ ತಿಳಿಸುತ್ತಿದ್ದೇನೆ. ಇದು ಹಳೆಯ ಋಣಕ್ಕೆ.

ಇಲಾಖೆ ಹೇಳುವುದು ಇಷ್ಟು: ಕರಿಯ ಬಿದ್ದದ್ದು ಗುಂಡಿಯಿಂದಲ್ಲ, ಎಣ್ಣೆಯಿಂದ. ಎಣ್ಣೆ ಚೆಲ್ಲಿದ್ದು ನಿಮ್ಮ ಕಾರು. ಅದಕ್ಕೆ ಆಧಾರ ನಿಮ್ಮದೇ ನೋಟಿಸ್. ನವಿಲುಗರಿಯ ಸಾಲನ್ನು ಅವರು ಹಾಗೆಯೇ ಎತ್ತಿ ಬರೆದಿದ್ದಾರೆ, ಕೆಳಗೆ ಗೆರೆ ಎಳೆದು. ಲೈನಿನ ತಿರುವಿನವರೆಗೆ ಎಣ್ಣೆ ಹರಿದದ್ದು ಗೊತ್ತಿದ್ದೂ ನೀವು ಮಣ್ಣು ಹಾಕಿಸಲಿಲ್ಲ, ಯಾರಿಗೂ ತಿಳಿಸಲಿಲ್ಲ. ವಿಮೆಯಿಲ್ಲದ ವಾಹನವನ್ನು ರಸ್ತೆಗೆ ತಂದಿರಿ. ಅದನ್ನೂ ಪತ್ತೆ ಮಾಡಿದ್ದಾರೆ. ಆದ್ದರಿಂದ ಕರಿಯನಿಗೆ ಏನಾದರೂ ಕೊಡಬೇಕಾದವರು ನೀವು. ವಿಮೆ ಇಲ್ಲವಾದ್ದರಿಂದ ಅದು ನಿಮ್ಮ ತೋಟ ಮಾರಿಯೇ ಬರಬೇಕು.

ಕುಸುಮಾ ನಿಮ್ಮನ್ನು ಎರಡನೆಯ ಎದುರುದಾರರನ್ನಾಗಿ ಸೇರಿಸುತ್ತಾರೆ. ಸೇರಿಸದಿದ್ದರೆ ಅವರು ವಕೀಲರೇ ಅಲ್ಲ.

ನಿಮಗೆ ಒಂದೇ ದಾರಿ ಇದೆ: ಆ ರಸ್ತೆಯಲ್ಲಿ ನಿಮ್ಮ ಎಣ್ಣೆ ಬೀಳಲಿಲ್ಲ ಎಂದು ತೋರಿಸುವುದು. ಬಿತ್ತು ಎಂದು ಬರೆದು, ಕ್ಲಬ್ಬಿನಲ್ಲಿ ಓದಿ, ಚಪ್ಪಾಳೆ ತೆಗೆದುಕೊಂಡವರು ನೀವು. ಹೇಗೆ ತೋರಿಸುತ್ತೀರೋ ನನಗೆ ತಿಳಿಯದು.

ನಿಮ್ಮ ಮೊದಲ ಕಾಗದದ ವಿಷಯ. ವಕೀಲೆಗೆ ಹೇಳಿದ್ದನ್ನು ವಕೀಲೆ ಹೊರಗೆ ಹೇಳುವಂತಿಲ್ಲ. "ಕೊಂಬೆ ಯಾರ್ ಕಿತ್ರೋ ಗೊತ್ತಾಗ್ಲಿಲ್ಲ ಮೇಡಂ, ದನ ಗಿನ ತಿಂತೇನೋ" ಎಂದು ಗಂಗೆ ಕೇಳಿದಳು. ನಾನು ಅವಳಿಗೆ ಕಾಫಿ ತರಿಸಿದೆ. "ಮೇಷ್ಟ್ರು ಕಂಬಳಿ ಕೊಟ್ರು, ಒಳ್ಳೇವ್ರು" ಎಂದೂ ಹೇಳಿದಳು. ಅದಕ್ಕೂ ಸುಮ್ಮನಿದ್ದೆ. ನಿಮ್ಮ ಪಾಠದಲ್ಲಿ ಇಷ್ಟು ಹೊತ್ತು ಸುಮ್ಮನಿರಲು ಎಂದೂ ಕಷ್ಟವಾಗಿರಲಿಲ್ಲ.

ನಿಮ್ಮ ಕಾಗದಪತ್ರಗಳನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಬೇರೆ ವಕೀಲರನ್ನು ನೋಡಿಕೊಳ್ಳಿ.

ಸ್ಪಂದನಾ

*

ಹೊಸಗುಡ್ಡೆ
6 ನವೆಂಬರ್ 2024

ಸ್ಪಂದನಾ,

ಸೋಮವಾರಪೇಟೆಯಲ್ಲಿ ಒಬ್ಬ ವಕೀಲನನ್ನು ಹಿಡಿದಿದ್ದೇನೆ. ಅನಿಲ್‌ಕುಮಾರ್ ಎಂದು. ನನ್ನ ಶಿಷ್ಯನಲ್ಲ, ಆದ್ದರಿಂದ ಮರ್ಯಾದೆ ಕೊಡುತ್ತಾನೆ. ಅವನ ಎದುರು ಕೂತು ಪ್ರಮಾಣಪತ್ರ ಬರೆಸಿದೆ. ಅದು ಇವತ್ತು ಕುಸುಮಾ ಅವರಿಗೂ ಇಲಾಖೆಗೂ ಹೋಗುತ್ತದೆ. ಬೇರೆಯವರ ಬಾಯಿಂದ ಕೇಳಿ ನೀನು ನಗುವುದಕ್ಕಿಂತ ನನ್ನ ಕಾಗದ ಓದಿಯೇ ನಗು ಎಂದು ಬರೆಯುತ್ತಿದ್ದೇನೆ.

ಆ ರಸ್ತೆಯಲ್ಲಿ ನನ್ನ ಕಾರಿನ ಒಂದು ಹನಿ ಎಣ್ಣೆಯೂ ಬಿದ್ದಿಲ್ಲ. ಏಕೆಂದರೆ ಆ ಶನಿವಾರ ನನ್ನ ಕಾರು ಆ ರಸ್ತೆಗೆ ಹೋಗಲೇ ಇಲ್ಲ. ಅದು ಒಡೆದದ್ದು ನಮ್ಮ ಮನೆಯ ಮುಂದೆ, ಕಾಫಿ ಒಣಗಿಸುವ ಕಣದಲ್ಲಿ. ಕಣ ದಾರಿಯ ಕಡೆ ನೆಲಕ್ಕೆ ಸಮ, ಇನ್ನೊಂದು ಕಡೆ ಮೊಣಕಾಲೆತ್ತರ ಇದೆ, ಆ ಅಂಚಿಗೆ ಕಲ್ಲು ಕಟ್ಟಿದೆ. ಕಾರು ಆ ಅಂಚಿಗೆ ಮುಖ ಮಾಡಿ ನಿಂತಿತ್ತು. ಹಿಂದಕ್ಕೆ ತೆಗೆಯಬೇಕಿತ್ತು. ನಾನು ಮುಂದಕ್ಕೆ ಹಾಕಿದೆ. ಮುಂದಿನ ಚಕ್ರ ಕೆಳಗಿಳಿದು, ಹೊಟ್ಟೆ ಕಲ್ಲಿನ ಮೇಲೆ ಕೂತಿತು. ಸುಲೋಚನಮ್ಮ ಎಣ್ಣೆಯ ಮೇಲೆ ಬೂದಿ ಸುರಿದಳು. ವಿಮೆ ಇಲ್ಲ. ಊರಿನವರು ನಗುತ್ತಾರೆ. ಆಗ ಗುಂಡಿ ನೆನಪಾಯಿತು. ಕೊಡೆ ಹಿಡಿದು ನಡೆದುಕೊಂಡು ಹೋಗಿ ಫೋಟೋ ತೆಗೆದೆ. ಮೆಕ್ಯಾನಿಕ್ಕಿನ ಬಾಯಿಗೆ ಒಂದು ಬಾಟಲಿ ಜೇನು ಸುರಿದಿದ್ದೆ. ಅವನೂ ಈಗ ಸಾಕ್ಷಿ ಹೇಳುತ್ತಾನೆ, ಇನ್ನೊಂದು ಬಾಟಲಿಗೆ.

ಸುಲೋಚನಮ್ಮನೂ ಸಹಿ ಹಾಕಿದ್ದಾಳೆ. "ಕಂಬ್ಳಿ ಕೊಟ್ಟು ಬಂದ್ರಲ್ಲ, ಕೊಂಬೆ ವಿಷ್ಯಾನೂ ಬರೀರಿ ಇದ್ರಲ್ಲಿ" ಎಂದಳು. ಅನಿಲ್‌ಕುಮಾರ್ ಬೇಡ ಎಂದ. ನಾನೂ ಬೇಡ ಎಂದೆ. ಅವಳು ಬೀನ್ಸ್ ಬಳ್ಳಿಯನ್ನು ಬುಡಸಮೇತ ಕಿತ್ತು ಹೊರಗೆ ಎಸೆದಿದ್ದಾಳೆ. ನೀನು ಹೇಗೂ ಬಾಯಿ ಬಿಡುವಂತಿಲ್ಲ. ಕಾನೂನನ್ನು ಓದಿಕೊಂಡವಳು ನೀನು ಒಬ್ಬಳೇ ಅಲ್ಲ.

ನನ್ನ ಎಣ್ಣೆ ಇಲ್ಲವೆಂದ ಮೇಲೆ ಇಲಾಖೆಗೆ ಜಾರಿಕೊಳ್ಳಲು ಏನೂ ಉಳಿಯುವುದಿಲ್ಲವಂತೆ. ಕರಿಯನಿಗೆ ಪರಿಹಾರ ಸಿಗಬಹುದು ಎಂದು ಅನಿಲ್‌ಕುಮಾರ್ ಹೇಳುತ್ತಾನೆ. ವರ್ಷಗಳು ಹಿಡಿಯುತ್ತವೆ, ಆದರೂ. ನಾನು ಅವನಿಗಾಗಿ ಬರೆಸಲಿಲ್ಲ, ನನ್ನ ಮೂರು ಎಕರೆಗಾಗಿ ಬರೆಸಿದೆ. ಬೇಕಿದ್ದರೆ ಅದನ್ನು ಗಂಗೆಗೆ ಹೇಳು. ಇದು ವಕೀಲೆಗೆ ಹೇಳಿದ ಮಾತಲ್ಲ.

ಕ್ಲಬ್ಬಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಪ್ರಮಾಣಪತ್ರದ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿದೆ. ನನ್ನನ್ನು ಈಗ 'ಗೇರ್ ಮೇಷ್ಟ್ರು' ಎಂದು ಕರೆಯುತ್ತಿದ್ದಾರಂತೆ.

ಅಲ್ಲಿ ಬರೆಸದ ಒಂದು ವಿಷಯ ಉಳಿದಿದೆ. 'ಅಂದು ಮಾತ್ರ ಏಕೆ ತಪ್ಪಿತು?' ಎಂದು ಅನಿಲ್‌ಕುಮಾರ್ ಕೇಳಿದ. ತಪ್ಪನ್ನು ಕನ್ನಡಕದ ಮೇಲೆ ಹಾಕಿದೆ. ಅದು ಕನ್ನಡಕವಲ್ಲ. ಕಣದಿಂದ ಕಾರು ಹಿಂದಕ್ಕೆ ತೆಗೆಯಲು ನನಗೆ ಯಾವತ್ತೂ ಬಂದಿಲ್ಲ. ಮೂವತ್ತು ವರ್ಷವೂ ಬಂದಿಲ್ಲ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಕರಿಯ ಒಳಗೆ ಬಂದು, ಕತ್ತಿ ಕೆಳಗಿಟ್ಟು, ಹಿಂದೆ ನಿಂತು ಕೈ ಬೀಸುತ್ತಿದ್ದ: "ರಿವರ್ಸು ಸಾ, ಅದಲ್ಲ, ಕೆಳಗಿಂದು... ಹಾ, ಬರ್ಲಿ, ಬರ್ಲಿ, ಬಲಕ್ಕೆ, ಸಾಕು." ಅವನಿಗಿಂತ ಮುಂಚೆ ಅವನಪ್ಪ ನಿಲ್ಲುತ್ತಿದ್ದ. ಆ ಶನಿವಾರ ಕರಿಯ ಮರಗಸಿಗೆಂದು ಬೆಳಗಾಗುವ ಮೊದಲೇ ಹೋಗಿದ್ದ, ನನಗೆ ಕಾಯುವ ತಾಳ್ಮೆಯಿರಲಿಲ್ಲ.

ಕಾರು ರಿಪೇರಿಯಾಗಿ ಬಂದಿದೆ. ಮೆಕ್ಯಾನಿಕ್ಕಿನ ಹುಡುಗರು ಕಣದ ಮೇಲೆ, ಅಂಚಿಗೆ ಮುಖ ಮಾಡಿಯೇ ನಿಲ್ಲಿಸಿ ಹೋಗಿದ್ದಾರೆ. ಮೂರು ವಾರವಾಯಿತು. ಎಂಜಿನ್ ಬೆಣ್ಣೆಯಂತೆ ಓಡುತ್ತದೆ, ಬೆಳಿಗ್ಗೆ ಎದ್ದು ಚಾಲೂ ಮಾಡಿ ಕೇಳುತ್ತೇನೆ. ಮತ್ತೆ ಬಂದ್ ಮಾಡುತ್ತೇನೆ. ಸಂತೆಗೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ.

ನಿರಂಜನ್